ಅಕ್ಕಿ ಕೋಣೆಯಲ್ಲಿ ಆಡಿದ ಮಾತು

ಆಯಿಯ ಬಲಗೈಯಲ್ಲಿ ಮುಂಗೈಯಿಂದ ಮೊಳಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಬಲಗೈ ಮಾತ್ರ ಬೋಳಾಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ತಂಬಿಗೆಯಂತೆ ಕೆಂಪಗೆ ಮಿನುಗುತ್ತಿತ್ತು. ಹತ್ತು ವರ್ಷಕ್ಕೂ ಮೇಲೆ, ದಿನಾ, ಒಂದು ಇಡೀ ಶಾಲೆಯ ಅನ್ನದ ಹಬೆಯೊಳಗೆ ಅದೇ ಕೈಯನ್ನು ಇಳಿಸಿ ಸೌಟು ಆಡಿಸಿದ್ದರಿಂದ ಹಾಗಾಗಿತ್ತು. ಮೊದಲ ದಿನ ನಾನು ಆ ಕೈಯನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಆಯಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ, ಇನ್ನಷ್ಟು ಮುಂದೆ ಚಾಚಿದಳು.

"ಪ್ಯಾಟ್ಯಾಗಿನ ಹೆಣ್ಮಕ್ಕಳು ರೊಕ್ಕಾ ಕೊಟ್ಟು ಕೈಮ್ಯಾಲಿನ ಕೂದಲಾ ತಗಿಸ್ಕೋತಾರಂತಲ್ರಿ ಅಕ್ಕೋರ? ನನಗ ಸರಕಾರ ಪುಕ್ಕಟ ತಗದ ಕೊಟ್ಟೈತಿ ನೋಡ್ರಿ."

ಅವಳು ಬಿಸಿಯೂಟದ ಅಡುಗೆಯವಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಮಕ್ಕಳು 'ಅಡಗಿ ಆಯಿ' ಎನ್ನುತ್ತಿದ್ದರು, ಕೇಳಿ ಕೇಳಿ ನನಗೂ ಅವಳು ಆಯಿಯೇ ಆದಳು. ಶಾಲೆ ಇದ್ದದ್ದು ತಿಕೋಟಾ ದಾಟಿ ಕಳ್ಳಕವಟಗಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ನಾನು ಅಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ. ಹೆಸರಿಗಷ್ಟೇ ಅತಿಥಿ, ಗೌರವಧನ ಬರುವ ಹೊತ್ತಿಗೆ ಗೌರವವೂ ಹಳಸಿರುತ್ತಿತ್ತು, ಧನವೂ ಮೊದಲೇ ಖರ್ಚಾಗಿರುತ್ತಿತ್ತು. ಬೆಳಿಗ್ಗೆ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯಿಂದ ಹೊರಟು, ತಿಕೋಟಾವರೆಗೆ ಬಸ್ಸು, ಅಲ್ಲಿಂದ ಟಂಟಂ ಎಂಬ ಮೂರು ಗಾಲಿಯ ಗಾಡಿ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು.

ಆಯಿಯ ನಾಲಿಗೆಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಅವಳು ಅಶುಭದ ಮಾತನ್ನು ಬಾಯಿಂದ ಹೊರಗೆ ಬಿಡುತ್ತಿರಲಿಲ್ಲ. ಸಾರು ಖಾಲಿಯಾದರೆ 'ಇಲ್ಲ' ಎನ್ನುವವಳಲ್ಲ, 'ಸಾರು ಹೆಚ್ಚಾತು' ಎನ್ನುವಳು. ಒಲೆ ಆರಿದರೆ 'ಶಾಂತ ಆತು'. ಸಂಜೆ ಮನೆಗೆ ಹೊರಡುವಾಗ 'ಹೋಗ್ತೀನಿ' ಎಂದು ಅವಳ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ, 'ಬರ್ತೀನ್ರಿ' ಎಂದೇ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ 'ಅವರು ಮುಂದ ಹೋಗ್ಯಾರ್ರಿ' ಎನ್ನುತ್ತಿದ್ದಳು. ಕೇಳಿದವರಿಗೆ ಆತ ಬಸ್ ಸ್ಟ್ಯಾಂಡಿನಲ್ಲಿ ಇವಳಿಗಾಗಿ ಕಾಯುತ್ತಿದ್ದಾನೇನೋ ಅನ್ನಿಸಬೇಕು. ಸಿಟ್ಟು ಬಂದಾಗಲೂ ಅಷ್ಟೇ. ಬೇರೆ ಹೆಂಗಸರು ಹೆಣ, ಮಣ್ಣು ಎಂದೆಲ್ಲ ಶಪಿಸುವ ಜಾಗದಲ್ಲಿ ಆಯಿ, ಸಾಲು ಮುರಿದು ತಾಟು ಚಾಚಿದ ಹುಡುಗಿಗೆ ಸೌಟು ಎತ್ತಿ, "ನಿನ್ನ ಮದವಿ ಭರ್ಜರಿ ಆಗ್ಲಿ! ಹಿಂದ ಸರೀ!" ಎಂದು ಗದರುವಳು. ಹೊಸದಾಗಿ ಬಂದ ಮುಖ್ಯಶಿಕ್ಷಕರು ಇದನ್ನು ಕೇಳಿ ಅಡುಗೆ ಕೋಣೆಯ ಬಾಗಿಲಲ್ಲೇ ನಿಂತು ನಕ್ಕಿದ್ದರು.

"ನಾಲಿಗಿಗೆ ಎಲುಬಿಲ್ಲ ಅಂತಾರಲ್ರಿ, ಅದಕ್ಕ ನಾವ ಎಲುಬಾಗಬೇಕು," ಎನ್ನುವುದು ಅವಳ ಮಾತು. ಇನ್ನೊಂದು ಮಾತು ಅಸ್ತು ದೇವರದ್ದು. "ಜಂತಿ ಮ್ಯಾಲ ಅಸ್ತು ದ್ಯಾವರು ಕುಂತಿರತಾರ. ನಾವು ಅಂದದ್ದಕ್ಕೆಲ್ಲಾ 'ಅಸ್ತು, ಅಸ್ತು' ಅನ್ನೂದಷ್ಟ ಅವರ ಕೆಲಸ. ಚಾಷ್ಟಿ ಯಾವುದು, ಖರೆ ಯಾವುದು, ಅವ್ರಿಗೆ ತಿಳಿಯಂಗಿಲ್ಲ."

ಒಮ್ಮೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಜಗಳವಾಡಿ ಅಳುತ್ತ ಬಂದು, "ನಾ ಸತ್ತ ಹೋಗ್ತೀನಿ ಆಯಿ," ಎಂದಳು. ಆಯಿ ಸೌಟನ್ನು ಅನ್ನದಲ್ಲೇ ಬಿಟ್ಟು ಓಡಿಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ತೆಗೆದು ಹುಡುಗಿಯ ಬಾಯಿಗೆ ತುರುಕಿ, ಮೇಲೆ ಜಂತಿಯತ್ತ ನೋಡಿ, "ಸಣ್ಣ ಕೂಸೈತಿ, ತಿಳೀದ ಅಂದೈತಿ," ಎಂದಳು. ಕೆಟ್ಟ ಮಾತು ಆಡಿದ ಬಾಯಿಗೆ ಬೆಲ್ಲ ಹಾಕಬೇಕು, ಆಗ ಆ ಮಾತು ಲೆಕ್ಕಕ್ಕಿಲ್ಲ. ಆ ಬೆಲ್ಲ ಅವಳ ಮನೆಯದು, ಶಾಲೆಯದಲ್ಲ. ಆಮೇಲೆ ಬೆಲ್ಲದ ಆಸೆಗೇ ಸಾಯುತ್ತೇನೆಂದು ಬರುವ ಮಕ್ಕಳು ಹೆಚ್ಚಾದರು. ಆಯಿಗೆ ಅದು ತಿಳಿಯದ್ದೇನಲ್ಲ. ಆದರೂ ಗಂಟು ಬಿಚ್ಚದೆ ಇರುತ್ತಿರಲಿಲ್ಲ.

ನಾನು ವಿಜ್ಞಾನ ಕಲಿಸುವವಳು. ಇದನ್ನೆಲ್ಲ ಪ್ರೀತಿಯಿಂದಲೇ ಗೇಲಿ ಮಾಡುತ್ತಿದ್ದೆ. ಗೇಲಿ ಮಾಡುವುದು ನನ್ನ ಹುಟ್ಟುಗುಣ. ಅದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಸಂಬಳ ಸಾಲದ್ದಕ್ಕೆ ನಾನು ಫೋನಿನಲ್ಲಿ ಒಂದು ಕೆಲಸ ಹಿಡಿದಿದ್ದೆ. ಒಂದು ಆಪ್. ಅದನ್ನು ತೆರೆದರೆ ಒಂದು ಕನ್ನಡ ವಾಕ್ಯ ಬರುತ್ತದೆ, ಗುಂಡಿ ಒತ್ತಿ ಅದನ್ನು ಗಟ್ಟಿಯಾಗಿ ಓದಿ ಕಳಿಸಬೇಕು. ಯಂತ್ರಗಳಿಗೆ ಬೇರೆ ಬೇರೆ ಊರಿನವರ ಕನ್ನಡ ಕೇಳಿಸಿ ಕಲಿಸುವ ಕೆಲಸವಂತೆ. ಓದಿದ್ದು ಸರಿ ಎಂದು ಒಪ್ಪಿಗೆಯಾದರೆ ಚಿಲ್ಲರೆ ದುಡ್ಡು. ಅಂಥ ಚಿಲ್ಲರೆ ತಿಂಗಳಿಡೀ ಕೂಡಿದರೆ ನನ್ನ ಬಸ್ಸಿನ ಖರ್ಚು ಕಳೆದು ಸ್ವಲ್ಪ ಉಳಿಯುತ್ತಿತ್ತು. ಬಿಡುವಿನ ಅವಧಿಯಲ್ಲಿ ಖಾಲಿ ತರಗತಿಯ ಬಾಗಿಲು ಹಾಕಿಕೊಂಡು ನಾನು ಓದುತ್ತಿದ್ದುದನ್ನು ಆಯಿ ಕಿಟಕಿಯಿಂದ ನೋಡಿ, ನನಗೆ ಏನೋ ಬಡಿದಿದೆ ಎಂದುಕೊಂಡಳು.

"ಯಾರ ಜೋಡಿ ಮಾತಾಡಾಕತ್ತೀರಿ ಅಕ್ಕೋರ? ಗ್ವಾಡಿ ಜೋಡಿ?"

ನಾನು ವಿವರಿಸಿದೆ. ಆಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮಾತಾಡಾಕ ರೊಕ್ಕಾ ಕೊಡತಾರ? ನಮ್ಮೂರಾಗ ನನಗ ಬಾಯಿ ಮುಚ್ಚಾಕ ಕೊಟ್ಟಾರು!"

ಆ ನಗು ಒಂದೇ ವಾರದಲ್ಲಿ ನಿಂತಿತು. ಆಯಿಗೆ ಒಬ್ಬನೇ ಮಗ. ವಿಜಯಪುರ–ಬಬಲೇಶ್ವರ ರಸ್ತೆಯಲ್ಲಿ ಟಂಟಂ ಓಡಿಸುತ್ತಿದ್ದ. ಕಾಲು ಬಾತು, ಮುಖ ಬಾತು, ತೋರಿಸಿದರೆ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ವಾರಕ್ಕೆರಡು ಸಲ ವಿಜಯಪುರಕ್ಕೆ ಹೋಗಿ ರಕ್ತ ಸೋಸಿಸಿಕೊಂಡು ಬರಬೇಕು. ಸೋಸುವುದಕ್ಕೆ ದುಡ್ಡು ಬೀಳುತ್ತಿರಲಿಲ್ಲ. ಆದರೆ ಹೋಗಿಬರುವ ಗಾಡಿ, ರಕ್ತ ಏರಲೆಂದು ಹೊರಗಿನಿಂದ ಕೊಳ್ಳಬೇಕಾದ ಇಂಜೆಕ್ಷನ್ನು, ಇವು ಯಾರಪ್ಪನ ಮನೆಯಿಂದ ಬರಬೇಕು? ಟಂಟಂ ಮಾರಿಯಾಗಿತ್ತು. ಸೊಸೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ದ್ರಾಕ್ಷಿ ಆರಿಸಲು ಹೋಗುತ್ತಿದ್ದಳು. ಅಡುಗೆಯವರ ಸಂಬಳ ಎಷ್ಟೆಂದು ಹೇಳಿದರೆ ನಿಮಗೆ ನಾಚಿಕೆಯಾಗುತ್ತದೆ, ಬಿಡಿ.

"ಆ ಮಾತಿನ ಕೆಲಸ ನನಗೂ ಬರತೈತೇನ್ರಿ ಅಕ್ಕೋರ?" ಎಂದು ಆಯಿ ಕೇಳಿದಳು. "ಏಳನೇತ್ತಾ ತನಾ ಓದೀನಿ. ಪೇಪರ್ ಓದತೀನಿ. ದನಿ ಐತಿ."

ದನಿ ಇತ್ತು. ಅಂಥ ದನಿ ನಾನು ಆ ಆಪಿನಲ್ಲಿ ಮತ್ತೆ ಕೇಳಿಲ್ಲ. ಮಗನ ಫೋನಿನಲ್ಲಿ ಅವಳ ಖಾತೆ ತೆರೆದುಕೊಟ್ಟೆ. ಸದ್ದಿಲ್ಲದ ಜಾಗ ಬೇಕಲ್ಲ, ಶಾಲೆ ಬಿಟ್ಟ ಮೇಲೆ ಮುಖ್ಯಶಿಕ್ಷಕರನ್ನು ಕೇಳಿ ಅಕ್ಕಿ ಕೋಣೆಯ ಕೀಲಿ ಪಡೆದೆವು. ಸುತ್ತ ಅಕ್ಕಿ, ಬೇಳೆಯ ಚೀಲಗಳು ಆಳೆತ್ತರ ನಿಂತಿದ್ದರಿಂದ ಹೊರಗಿನ ಪಂಪ್‌ಸೆಟ್ಟಿನ ಸದ್ದೂ ಒಳಗೆ ಬರುತ್ತಿರಲಿಲ್ಲ. ಆಯಿ ಒಂದು ಚೀಲಕ್ಕೆ ಬೆನ್ನು ಕೊಟ್ಟು, ಫೋನನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು ಓದುತ್ತಿದ್ದಳು. ನನ್ನ ಟಂಟಂ ಬರುವವರೆಗಿನ ಅರ್ಧ ಗಂಟೆ ನಾನು ಹೊರಗೆ ಕಟ್ಟೆಯ ಮೇಲೆ ಕೂತು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದೆ. ಮೊದಲ ತಿಂಗಳ ದುಡ್ಡು ಬಂದ ದಿನ ಆಯಿ ಇಂಜೆಕ್ಷನ್ ತರಿಸಿದಳು, ನನಗೆ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೊಟ್ಟಳು.

ಮಗ ಒಂದು ದಿನ ಅವ್ವನನ್ನು ಕರೆದೊಯ್ಯಲು ಶಾಲೆಗೆ ಬಂದಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ತೋಳಿಗೆ ಬಟ್ಟೆ ಸುತ್ತಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೂ ಟಂಟಂನವರ ಆ ಕಿಲಾಡಿತನ ಹೋಗಿರಲಿಲ್ಲ.

"ಅಕ್ಕೋರ, ಇಷ್ಟ ದಿನಾ ನಮ್ಮವ್ವ ನನಗ ಪುಕ್ಕಟ ಬೈತಿದ್ಲು. ಈಗ ಬೈಯಾಕೂ ಬಾಯಿ ಬಿಡವಲ್ಲಳ್ರಿ, ದನಿ ಸವದ ಹೋಗ್ತೈತಂತ!"

"ಸುಮ್ನ ಕುಂಡ್ರೋ ನೂರು ವರ್ಷದವ್ನ," ಎಂದಳು ಆಯಿ. ಅದು ಅವಳ ಬೈಗುಳ.

ಕೆಲವು ತಿಂಗಳಲ್ಲಿ ಆಪಿನವರು ನನಗೆ ಬಡ್ತಿ ಕೊಟ್ಟರು. ಓದುವುದರ ಬದಲು ಬೇರೆಯವರು ಓದಿದ್ದನ್ನು ಕೇಳಿ ಸರಿಯೋ ತಪ್ಪೋ ಎಂದು ಗುರುತು ಹಾಕುವ ಕೆಲಸ. ಪರದೆಯ ಮೇಲಿನ ವಾಕ್ಯ ಇದ್ದಂತೆಯೇ ದನಿಯಲ್ಲಿ ಬಂದಿರಬೇಕು. ಒಂದು ಮಾತು ಹೆಚ್ಚಿರಬಾರದು, ಕಡಿಮೆಯಿರಬಾರದು. ಸರಿ ಇದ್ದರೆ ಹಸಿರು ಗುಂಡಿ, ತಪ್ಪಿದ್ದರೆ ಕೆಂಪು. ಕೆಂಪು ಬಿದ್ದದ್ದು ಓದಿದವರಿಗೇ ಮರಳಿ ಹೋಗುತ್ತದೆ, ಅವರು ಮತ್ತೆ ಓದಬೇಕು. ನಮ್ಮನ್ನೂ ಪರೀಕ್ಷಿಸುತ್ತಿದ್ದರು. ಬೇಕೆಂದೇ ತಪ್ಪಿರುವ ದನಿಗಳನ್ನು ನಡುನಡುವೆ ಸೇರಿಸಿಡುತ್ತಿದ್ದರು. ಅಂಥದ್ದಕ್ಕೆ ಹಸಿರು ಒತ್ತಿದರೆ ನಮ್ಮ ಕೆಲಸಕ್ಕೇ ಕುತ್ತು. ಓದಿದವರ ಹೆಸರು ಕಾಣುತ್ತಿರಲಿಲ್ಲ. ಗುರುತಿನವರ ದನಿ ಬಂದರೆ ತಿಳಿಸಿ ಬಿಟ್ಟುಬಿಡಬೇಕೆಂಬ ನಿಯಮವೂ ಇತ್ತು. ಹಾಗೆ ಬಿಟ್ಟದ್ದಕ್ಕೆ ದುಡ್ಡಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂತು ಕೇಳುತ್ತಿದ್ದಾಗ ಆಯಿಯ ದನಿ ಬಂತು. ಪರದೆಯ ಮೇಲೆ 'ಮನೆಯಲ್ಲಿ ಅಕ್ಕಿ ಇಲ್ಲ' ಎಂದಿತ್ತು. ಆಯಿ 'ಮನೆಯಲ್ಲಿ ಅಕ್ಕಿ ಹೆಚ್ಚಾಗಿದೆ' ಎಂದು ಓದಿದ್ದಳು. ಇನ್ನೊಂದರಲ್ಲಿ 'ನಾನು ಹೋಗುತ್ತೇನೆ' ಎಂದಿತ್ತು, ಅವಳು 'ನಾನು ಹೋಗಿ ಬರುತ್ತೇನೆ' ಎಂದಿದ್ದಳು. 'ಅವರ ಬಣವೆಗೆ ಬೆಂಕಿ ಬಿತ್ತು' ಎಂಬಲ್ಲಿ 'ಬೆಂಕಿ ಬೀಳಲಿಲ್ಲ' ಎಂದು ಅಪರಿಚಿತರ ಬಣವೆಯನ್ನೂ ಉಳಿಸಿಕೊಟ್ಟಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಡುಗೆಮನೆಯಲ್ಲಿದ್ದ ನಮ್ಮವ್ವನನ್ನು ಕರೆದು ಕೇಳಿಸಿದೆ. ಆಮೇಲೆ ಎಲ್ಲದಕ್ಕೂ ಒಂದೊಂದಾಗಿ ಕೆಂಪು ಒತ್ತಿದೆ. ಕೆಂಪಿಗೂ ಹಸಿರಿಗೂ ನನಗೆ ಸಿಗುವ ಕೂಲಿ ಒಂದೇ. ಗುರುತಿನವರ ದನಿ ಎಂದು ತಿಳಿಸಲಿಲ್ಲ, ಯಾಕೆ ದುಡ್ಡು ಬಿಡಲಿ ಎಂದು.

ಹೀಗೆ ಎಷ್ಟೋ ವಾರ ನಡೆಯಿತು. ಆಯಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ತಿದ್ದಿಕೊಳ್ಳುತ್ತಿದ್ದಳೋ, ಕೆಲಸ ಬಿಡುತ್ತಿದ್ದಳೋ, ಗೊತ್ತಿಲ್ಲ. ಏನಾದರೂ ಒಂದು ಆಗುತ್ತಿತ್ತು. ಒಂದು ಸಂಜೆ ಅವಳೇ ಫೋನು ಹಿಡಿದು ಬಂದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೆಂಪು ಅಕ್ಷರ.

"ಇದೇನ ಅಂತೈತಿ ನೋಡ್ರಿ. ಕೆಂಪ ಐತಿ, ಛಲೋ ಇರಂಗಿಲ್ಲ."

ನಿಮ್ಮ ಓದು ಬಹಳ ಸಲ ತಿರಸ್ಕಾರವಾಗಿದೆ, ಬಿಟ್ಟುಬಿಡುವ ಅವಕಾಶಗಳೂ ಮುಗಿದಿವೆ, ಉಳಿದಿರುವ ವಾಕ್ಯಗಳನ್ನು ಇದ್ದಂತೆ ಓದದಿದ್ದರೆ ಖಾತೆ ಮುಚ್ಚುತ್ತೇವೆ, ಈ ತಿಂಗಳ ದುಡ್ಡೂ ಬರುವುದಿಲ್ಲ ಎಂದಿತ್ತು. ಆ ತಿರಸ್ಕಾರಗಳಲ್ಲಿ ಎಷ್ಟು ನನ್ನವೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬದಲಿಗೆ ಟೀಚರ್ ಆದೆ.

"ಇದ್ದದ್ದನ್ನ ಇದ್ದಂಗ ಓದಬೇಕು ಆಯಿ. ನಿಮ್ಮ ಮನಸಿಗೆ ಬಂದಂಗ ತಿದ್ದಿದ್ರ ರೊಕ್ಕಾ ಹೆಂಗ ಕೊಟ್ಟಾರು?"

"ಉಳದದ್ದೆಲ್ಲಾ ಓದತೀನ್ರಿ. ಬೆಂಕಿ ಬೀಳಲಿ, ಬಣವಿ ಹೋಗ್ಲಿ, ಓದತೀನಿ. ಇದೊಂದು ನೋಡ್ರಿ," ಎಂದು ಆಯಿ ಫೋನು ನನ್ನತ್ತ ತಿರುಗಿಸಿದಳು.

ದವಾಖಾನೆ, ರೋಗ, ಸಾವುಗಳಿಗೆ ಸಂಬಂಧಿಸಿದ ವಾಕ್ಯಗಳ ಕಂತು ಅದು. ಪರದೆಯ ಮೇಲೆ ಹೀಗಿತ್ತು: 'ನನ್ನ ಮಗ ಹೋದ ವಾರ ತೀರಿಕೊಂಡ.'

"ಮಗಳು ಅಂತಿದ್ರ ಓದತಿದ್ನಿ ಅಕ್ಕೋರ, ನನಗ ಮಗಳಿಲ್ಲ. ಗಂಡ ಅಂತಿದ್ರೂ ಓದತಿದ್ನಿ, ಅವರು ಮುಂದ ಹೋಗೇ ಬಿಟ್ಟಾರ. ಮಗ ಅಂತೈತ್ರಿ. ಒಬ್ಬನ ಅದಾನ."

ತನ್ನ ಮನೆಯದರ ಬಗ್ಗೆ ಆಯಿ 'ಇಲ್ಲ' ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದಾದರೂ ನನಗೆ ತಟ್ಟಬೇಕಿತ್ತು. ನನ್ನ ಟಂಟಂ ಬರುವ ಹೊತ್ತಾಗಿತ್ತು. ದಿನವಿಡೀ ಗಂಟಲು ಹರಿದುಕೊಂಡು ಕಲಿಸಿ ತಲೆ ಸಿಡಿಯುತ್ತಿತ್ತು. ಇದು ಬರಿಯ ಮಾತು, ಗಾಳಿಯ ಕಂಪನ, ಅಷ್ಟೇ, ಎಂದು ಆರನೇ ತರಗತಿಯ ಪಾಠವನ್ನೇ ಒಪ್ಪಿಸಿದೆ. ಹಿಂದೊಮ್ಮೆ ನಾನು ನಮ್ಮ ಮನೆ ಕುಸಿಯಿತು ಎಂದು ಓದಿದ್ದೆ, ಕುಸಿಯಿತೇನು ಎಂದು ಕೇಳಿದೆ. ಆಯಿ ಕದಲಲಿಲ್ಲ. ಆಗ ನಾನು ಆಡಿದ ಮಾತು ಇದು:

"ನಿಮ್ಮ ಮಗನಿಗೆ ಇಂಜೆಕ್ಷನ್ ಬೇಕೋ ಬ್ಯಾಡೋ ಹೇಳ್ರಿ ಮೊದಲ."

ಆಯಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ, ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು ಅಕ್ಕಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಟಂಟಂ ಬಂತು. ಹತ್ತಿ ಹೋದೆ.

ಮುಂದಿನ ಭಾನುವಾರ ಆ ದನಿ ನನ್ನ ಪಟ್ಟಿಗೇ ಬಂತು. ನಮ್ಮ ಜಿಲ್ಲೆಯ ಕನ್ನಡವನ್ನು ಪರೀಕ್ಷಿಸುವವರು ಎಷ್ಟು ಮಂದಿ ಇದ್ದಾರು? ಯಾರಿಗೆ ಬರದಿದ್ದರೂ ನನಗೆ ಬರಲೇಬೇಕಿತ್ತು. ಮೊದಲು ಒಂದು ಉದ್ದ ಉಸಿರು. ಆಮೇಲೆ ವಾಕ್ಯ, ಒಂದಕ್ಷರ ತಪ್ಪಿಲ್ಲದೆ, ಗಂಟೆ ಹೊಡೆದ ಹಾಗೆ ಸ್ಪಷ್ಟ: ನನ್ನ ಮಗ ಹೋದ ವಾರ ತೀರಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, ಫೋನಿಗಲ್ಲ, ಮೇಲೆ ಯಾರಿಗೋ ಹೇಳುವಂತೆ, "ಖರೆ ಅಲ್ಲ. ಖರೆ ಅಲ್ಲೋ ನನ್ನಪ್ಪಾ, ಖರೆ ಅಲ್ಲ." ಆಮೇಲೆ ಹಲ್ಲಿನಿಂದ ಬೆಲ್ಲ ಕಡಿದ ಸಣ್ಣ ಸದ್ದು.

ಈ ಸಲ ನಗು ಬರಲಿಲ್ಲ. ಮತ್ತೊಮ್ಮೆ ಕೇಳಿದೆ. ಎದೆ ಹಿಂಡಿದಂತಾಯಿತು ಎಂಬುದು ನಿಜ, ಆದರೆ ಎದೆ ಹಿಂಡಿದ್ದಕ್ಕೆ ಆಪಿನಲ್ಲಿ ಗುಂಡಿಯಿಲ್ಲ. ವಾಕ್ಯದ ಮೇಲೆ ಮಾತು ಹೆಚ್ಚಿದೆ, ನಿಯಮದ ಪ್ರಕಾರ ಕೆಂಪು. ಅದರ ಹಿಂದಿನ ವಾರವಷ್ಟೇ ನನಗೂ ಒಂದು ಎಚ್ಚರಿಕೆ ಬಂದಿತ್ತು, ಒಂದು ತಪ್ಪು ದನಿಗೆ ಹಸಿರು ಒತ್ತಿದ್ದಕ್ಕೆ. ಬಿಟ್ಟುಬಿಡುವ ಗುಂಡಿ ಬಲಗಡೆ ಮೂಲೆಯಲ್ಲಿತ್ತು, ಒತ್ತಿದ್ದರೆ ಇನ್ನೊಬ್ಬರಿಗೆ ಹೋಗುತ್ತಿತ್ತು. ನಾನು ಕೆಂಪು ಒತ್ತಿದೆ. ಅದು ಮರಳಿ ಆಯಿಗೇ ಹೋಗುತ್ತದೆ, ಅವಳು ಆ ಮಾತನ್ನು ಇನ್ನೊಮ್ಮೆ ಆಡಬೇಕಾಗುತ್ತದೆ ಎಂಬುದು ನನಗೆ ಒತ್ತುವ ಮುಂಚೆಯೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಎರಡು ದಿನ ಬಿಟ್ಟು ಮತ್ತೆ ಬಂತು. ಈ ಸಲ ಉದ್ದ ಉಸಿರೂ ಇರಲಿಲ್ಲ. ವಾಕ್ಯವಷ್ಟೇ. ಅದರ ಹಿಂದೆ ಮುಂದೆ ಏನೂ ಇಲ್ಲ, ಅಕ್ಕಿ ಚೀಲಗಳ ನಡುವಿನ ಮೌನ ಬಿಟ್ಟರೆ. ನಿಯಮಕ್ಕೆ ಒಂದಿಷ್ಟೂ ಊನವಿಲ್ಲದ ಓದು. ಹಸಿರು ಒತ್ತಿದೆ. ಜಂತಿಯ ಮೇಲೆ ಕೂತು ಅಸ್ತು ಎಂದವಳು ನಾನೇ.

ಖಾತೆ ಉಳಿಯಿತು. ಇಂಜೆಕ್ಷನ್ನೂ ಬಂತು. ಆದರೆ ಆಯಿ ಆಮೇಲೆ ಮಕ್ಕಳಿಗೆ ಮದುವೆಯ ಬೈಗುಳ ಬೈಯುವುದು ಕಡಿಮೆಯಾಯಿತು. ಮಗ ದವಾಖಾನೆಗೆ ಹೋದ ದಿನ ಅವಳ ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು. ಒಂದು ದಿನ ಅನ್ನ ತಳ ಹಿಡಿಯಿತು, ಆಯಿಯ ಕಾಲದಲ್ಲಿ ಅದೇ ಮೊದಲು.

ಅದಾಗಿ ಎರಡು ತಿಂಗಳಿಗೆ, ದ್ರಾಕ್ಷಿ ಕಡಿದು ಶೆಡ್ಡಿಗೆ ಹಾಕುವ ದಿನಗಳಲ್ಲಿ, ಮಗ ತೀರಿಕೊಂಡ. ವಿಜಯಪುರದಿಂದ ರಕ್ತ ಸೋಸಿಸಿಕೊಂಡು ಮರಳುತ್ತಿದ್ದ, ತಿಕೋಟಾ ಇನ್ನೂ ಬಂದಿರಲಿಲ್ಲ. ಗೆಳೆಯನ ಟಂಟಂನಲ್ಲಿ ಮುಂದಿನ ಸೀಟಿನಲ್ಲಿ ಕೂತು ಹರಟೆ ಹೊಡೆಯುತ್ತಿದ್ದವನು ಹಾಗೆಯೇ ಗೆಳೆಯನ ಭುಜಕ್ಕೆ ಒರಗಿದನಂತೆ. ಆತ ಚಾಷ್ಟಿ ಮಾಡುತ್ತಿದ್ದಾನೆಂದು ಗೆಳೆಯ ಒಂದು ಮೈಲಿ ಹಾಗೆಯೇ ಗಾಡಿ ಓಡಿಸಿದನಂತೆ.

ನಾನು ಮಣ್ಣಿಗೆ ಹೋಗಿದ್ದೆ. ಆಯಿ ಅಳುತ್ತಿರಲಿಲ್ಲ. ಸುತ್ತ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅವಳು ತನ್ನ ಬಾಯಿಯ ಮೇಲೆ ಆ ಬೋಳು ಕೈಯನ್ನು ಒತ್ತಿ ಹಿಡಿದು ಕೂತಿದ್ದಳು. ನೋಡಿದವರು ದುಃಖಕ್ಕೆ ಎಂದುಕೊಂಡರು. ಅವಳು ತನ್ನ ಬಾಯಿಯನ್ನು ಏಕೆ ಹಾಗೆ ಹಿಡಿದಿದ್ದಳೆಂದು ಅಲ್ಲಿ ತಿಳಿದದ್ದು ನನಗೊಬ್ಬಳಿಗೆ.

ಮಾತಿನಿಂದ ಮನುಷ್ಯ ಸಾಯುವುದಿಲ್ಲ. ಇದನ್ನು ನಾನು ಇವತ್ತಿಗೂ ನಂಬುತ್ತೇನೆ, ಇವತ್ತಿಗೂ ತರಗತಿಯಲ್ಲಿ ಹೇಳುತ್ತೇನೆ. ಆತ ಸತ್ತದ್ದು ಕಿಡ್ನಿಯಿಂದ, ಹೃದಯ ನಿಂತದ್ದರಿಂದ. ಆದರೆ ಮಗನನ್ನು ತಾನೇ ಆ ಮಾತು ಆಡಿ ಕಳಿಸಿದೆ ಎಂಬ ಭಾರ ಆಯಿಯ ತಲೆಗೆ ಏರಿದ್ದು ನನ್ನ ಬೆರಳಿನಿಂದ. ಅವಳು ತನ್ನ ಮಟ್ಟಿಗೆ ಅದಕ್ಕೊಂದು ದಾರಿ ಹುಡುಕಿಕೊಂಡಿದ್ದಳು, ಮೂರು ಸಲ 'ಖರೆ ಅಲ್ಲ' ಎಂದು, ಒಂದು ಚೂರು ಬೆಲ್ಲ ತಿಂದು. ಆ ದಾರಿ ಮುಚ್ಚಿದವಳು ನಾನು.

ದಿನ ಕಳೆದ ಮೇಲೆ ಆಯಿ ಕೆಲಸಕ್ಕೆ ಮರಳಿದಳು. ಸೊಸೆ ಇದ್ದಾಳೆ, ಹೊಟ್ಟೆ ಕೇಳಬೇಕಲ್ಲ. ಫೋನು ಮುಟ್ಟಲಿಲ್ಲ. ಮಳೆಗಾಲ ಶುರುವಾದಾಗ ಒಂದು ಸಂಜೆ ಅಕ್ಕಿ ಕೋಣೆಯಲ್ಲಿ ಚೀಲಗಳಿಗೆ ನೀರು ತಾಗದಂತೆ ಇಬ್ಬರೂ ಸರಿಸಿ ಇಡುತ್ತಿದ್ದೆವು. ಕೆಲಸ ಮುಗಿದು, ಅವಳು ಅದೇ ಚೀಲಕ್ಕೆ ಬೆನ್ನು ಕೊಟ್ಟು ಕೂತಳು. ತನ್ನಷ್ಟಕ್ಕೇ ಮಾತು ತೆಗೆದಳು.

"ಮೊದಲನೇ ಸಲ ನಾ 'ಖರೆ ಅಲ್ಲ' ಅಂದಿದ್ನಿ ಅಕ್ಕೋರ. ಅದನ್ನ ಅವರು ತಗೊಳ್ಳಲಿಲ್ಲ. ಹೊಳ್ಳಿ ಕಳಿಸಿದ್ರು. ಎರಡನೇ ಸಲ ಬರೇ ಅದಷ್ಟ ಅಂದ್ನಿ. ಬೆಲ್ಲಾನೂ ತಿನ್ನಲಿಲ್ಲ, ಸಪ್ಪಳಾದ್ರ ಮತ್ತ ಹೊಳ್ಳಿ ಬಂದೀತಂತ ಅಂಜಿ. ಆಮ್ಯಾಗ ತಿಂದ್ನಿ, ಹೊರಗ ಬಂದು. ಹೊತ್ತ ಆಗಿತ್ತೇನೋ." ಕಾಲಬಳಿ ಬಿದ್ದಿದ್ದ ಅಕ್ಕಿಕಾಳು ಆರಿಸುತ್ತ ಅಂದಳು, "ಅಲ್ಲಿ ಮಷಿನ್ನ ಇರಬೇಕ್ರಿ ಕೇಳಾಕ. ಮನಷ್ಯಾರಿದ್ದಿದ್ರ ಹೊಳ್ಳಿ ಕಳಸ್ತಿದ್ದಿಲ್ಲ."

ಆ ಮಾತಿಗೆ 'ಹೌದು, ಮಷಿನ್ನೇ' ಎಂದಿದ್ದರೆ ಮುಗಿಯುತ್ತಿತ್ತು. ನಾನು ಜೀವನದಲ್ಲಿ ಬಹಳ ಸುಳ್ಳು ಹೇಳಿದ್ದೇನೆ. ಅದೊಂದನ್ನು ಹೇಳಲಾಗಲಿಲ್ಲ.

"ನಾನ ಆಯಿ," ಎಂದೆ. "ಕೇಳಿದಾಕಿ ನಾನ. ಹೊಳ್ಳಿ ಕಳಿಸಿದಾಕಿನೂ ನಾನ."

ಆಯಿಗೆ ಮೊದಲು ಅರ್ಥವಾಗಲಿಲ್ಲ. ಪರೀಕ್ಷಿಸುವ ಕೆಲಸದ ಬಗ್ಗೆ ಎಲ್ಲ ಬಿಡಿಸಿ ಹೇಳಿದೆ, ಕೆಂಪು, ಹಸಿರು, ನನಗೆ ಬಂದ ಎಚ್ಚರಿಕೆ, ಎಲ್ಲ. ಅವಳು ನೆಲ ನೋಡುತ್ತ ಕೇಳಿದಳು.

"ಎರಡೂ ಸಲ ನೀವ?"

"ಹೂಂ."

"ಖರೆ ಅಲ್ಲ ಅಂದದ್ದು ಕೇಳಿಸ್ತು ನಿಮಗ?"

"ಕೇಳಿಸ್ತು ಆಯಿ."

"ಕೇಳಿನೂ..." ಎಂದಳು ಆಯಿ, ಅಲ್ಲಿಗೇ ನಿಲ್ಲಿಸಿದಳು. ಗಂಟಲಿನವರೆಗೆ ಬಂದದ್ದನ್ನು ಅವಳು ನುಂಗಿದ್ದು ನನಗೆ ಕಾಣಿಸಿತು, ಮಾತ್ರೆ ನುಂಗಿದಂತೆ. ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು.

ನನಗೆ ಅಳು ಒತ್ತರಿಸಿ ಬಂತು. "ಅವನ ಬದಲಿ ನಾ ಸಾಯಬೇಕಿತ್ತು ಆಯಿ," ಎಂದುಬಿಟ್ಟೆ.

ಆಯಿ ತಟ್ಟನೆ ತಲೆ ಎತ್ತಿ ಜಂತಿ ನೋಡಿದಳು. ಸೆರಗಿನ ಗಂಟು ಬಿಚ್ಚಿದಳು. ಬೆಲ್ಲದ ಚೂರನ್ನು ನನ್ನ ಬಾಯಿಗೆ ಒತ್ತಿದಳು, ನಾಲ್ಕನೇ ತರಗತಿಯ ಆ ಹುಡುಗಿಗೆ ಒತ್ತಿದ ಹಾಗೆ, ಅದೇ ಬೋಳು ಕೈಯಲ್ಲಿ.

"ಹಂಗ ಅನಬಾರದ್ರಿ," ಎಂದಳು. ನನ್ನ ಮುಖ ನೋಡಲಿಲ್ಲ. "ನಿಮಗೂ ಮನ್ಯಾಗ ತಾಯಿ ಅದಾಳ. ನಿಮ್ಮ ಗಾಡಿ ಬಂತು ನೋಡ್ರಿ."

ಅದರ ಮರುದಿನವೇ ನಾನು ಆಪಿನ ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ, ನನ್ನ ಜಾಗಕ್ಕೆ ಇನ್ನೊಬ್ಬರು ಬಂದಿರುತ್ತಾರೆ. ಆಯಿ ನನ್ನೊಡನೆ ಮಾತು ಬಿಡಲಿಲ್ಲ, ಮೊದಲಿನಂತೆ ತಾಟಿಗೆ ಒಂದು ಸೌಟು ಹೆಚ್ಚೇ ಬಡಿಸುತ್ತಿದ್ದಳು. ಆದರೆ ಮೊದಲಿನ ಗೇಲಿ ಇಬ್ಬರಲ್ಲೂ ಉಳಿದಿರಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಅಡುಗೆ ಕೋಣೆಯಲ್ಲೇ ಕುಸಿದಳು. ಅರ್ಧ ಮೈಗೆ ಲಕ್ವಾ ಹೊಡೆದಿತ್ತು, ಮಾತು ನಿಂತಿತ್ತು. ಒಂಬತ್ತು ದಿನ ಮನೆಯಲ್ಲಿ ಮಲಗಿದ್ದು ಹೋದಳು. ನಾನು ಎರಡು ಸಲ ನೋಡಲು ಹೋಗಿದ್ದೆ. ಎದ್ದು ಬರುವಾಗ 'ಬರ್ತೀನಿ ಆಯಿ' ಎಂದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದಳು.

'ಕೇಳಿನೂ' ಎಂಬುದರ ಮುಂದಿನ ಮಾತು ಏನೆಂದು ನನಗೆ ಗೊತ್ತು. ಅದನ್ನು ನಾನೇ ಮನಸ್ಸಿನಲ್ಲಿ ಹತ್ತು ರೀತಿಯಲ್ಲಿ ಮುಗಿಸಿ ನೋಡಿದ್ದೇನೆ, ಬಸ್ಸಿನಲ್ಲಿ, ಪೇಟೆಯಲ್ಲಿ ತರಕಾರಿ ಕೊಳ್ಳುವಾಗ, ಪಾಠದ ನಡುವೆ. ಅದರಲ್ಲಿ ಯಾವುದನ್ನು ಅಂದಿದ್ದರೂ ಅದು ನ್ಯಾಯವೇ ಆಗಿರುತ್ತಿತ್ತು, ನಾನು ಅದನ್ನು ಸಾಯುವವರೆಗೂ ಹೊತ್ತು ತಿರುಗುತ್ತಿದ್ದೆ. ಆಯಿ ಅನ್ನಲಿಲ್ಲ. ಮಗನನ್ನು ತಾನು ಬಾಯಾರೆ ಅಂದು ಕಳಕೊಂಡೆನೆಂದು ನಂಬಿದ್ದವಳು, ನನಗೆ ಏನಾದರೂ ಆದೀತೆಂದು ಬಾಯಿ ಮುಚ್ಚಿದಳು.